ಚೀನದ ವೀರ ಕವಯಿತ್ರಿ ಚಿಯು ಜಿನ್

ಚೀನದ ಹೊಸ ಸಾಹಿತ್ಯಕ್ಕೆ ಮೂಲಪುರುಷನೆನಿಸಿದ ಲೂ ಶುನ್ 1919ರಲ್ಲಿ ‘ಮದ್ದು’ ಎಂಬ ಸಣ್ಣಕಥೆಯೊಂದನ್ನು ಬರೆದ. ಚಹದಂಗಡಿಯ ಮುದುಕನೊಬ್ಬ ಕ್ಷಯದಿಂದ ನರಳುವ ತನ್ನ ಒಬ್ಬನೇ ಮಗನಿಗಾಗಿ, ಬೆಳಗಿನ ಕತ್ತಲಲ್ಲಿ ವಧಾಸ್ಥಾನಕ್ಕೆ ಹೋಗಿ, ಆಗತಾನೆ ಶಿರಚ್ಛೇದಕ್ಕೆ ಗುರಿಯಾದ ಕ್ರಾಂತಿಕಾರನ ರಕ್ತದಲ್ಲಿ ಅದ್ದಿದ ರೊಟ್ಟಿಯನ್ನು ಹಣ ಕೊಟ್ಟು ತರುತ್ತಾನೆ. ಮಗ ಉಳಿಯುವುದಿಲ್ಲ. ಯಾರ ಬಿಡುಗಡೆಗಾಗಿ ಆ ಕ್ರಾಂತಿಕಾರ ಪ್ರಾಣ ಕೊಟ್ಟನೋ ಆ ಜನಕ್ಕೆ ಅವನ ಸಾವಿನಿಂದ ದೊರೆತದ್ದು ಒಂದು ಹುಸಿ ಔಷಧ ಮಾತ್ರ. ಕಥೆಯಲ್ಲಿ ಅವನ ಹೆಸರು ಶಿಯಾ ಯೂ. ಶಿಯಾ ಎಂದರೆ ಬೇಸಗೆ; ಯೂ ಎಂದರೆ ಚೀನೀಯರು ಚಿನ್ನಕ್ಕಿಂತ ಹೆಚ್ಚಾಗಿ ಪ್ರೀತಿಸುವ ಜೇಡ್ ಎಂಬ ಮಣಿಶಿಲೆ. ಚೀನೀ ಓದುಗನಿಗೆ ಈ ಒಗಟನ್ನು ಬಿಡಿಸುವುದು ಕಷ್ಟವಾಗಲಿಲ್ಲ. ಬೇಸಗೆಯ ಜಾಗದಲ್ಲಿ ಶರತ್ಕಾಲವನ್ನೂ ಜೇಡಿನ ಜಾಗದಲ್ಲಿ ಅದೇ ಜಾತಿಯ ಇನ್ನೊಂದು ಮಣಿಯನ್ನೂ ಇಟ್ಟರೆ ಚಿಯು ಜಿನ್ ಎಂಬ ಹೆಸರು ಬರುತ್ತದೆ. ಲೂ ಶುನ್ ಹುಟ್ಟಿದ ಊರಾದ ಷಾವೊಶಿಂಗಿನ ಬೀದಿಯ ಕೂಡುದಾರಿಯಲ್ಲಿ, 1907ನೆಯ ಜುಲೈ 15ರಂದು, ಬೆಳಕು ಹರಿಯುವುದಕ್ಕೆ ಮುಂಚೆ ತಲೆ ಕಡಿಸಿಕೊಂಡ ಹೆಣ್ಣುಮಗಳ ಹೆಸರು ಅದು.

ಆಕೆಯ ಚಿತ್ರಗಳಲ್ಲಿ ಬಹು ಪ್ರಸಿದ್ಧವಾದದ್ದು ಜಪಾನೀ ಉಡುಪಿನಲ್ಲಿ ಕೈಯಲ್ಲಿ ಕಿರುಗತ್ತಿ ಹಿಡಿದಿರುವ ಚಿತ್ರ. ಚೀನದ ಪಠ್ಯಪುಸ್ತಕಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಆಕೆ ಬದುಕಿರುವುದು ಮುಖ್ಯವಾಗಿ ಈ ಕತ್ತಿಯ ಸಂಗಡವೇ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆಕೆಯ ಬರಹವನ್ನು ಬಿಟ್ಟು ಕತ್ತಿಯನ್ನಷ್ಟೇ ನೋಡಿದರೆ, ಆ ಕತ್ತಿ ಯಾರ ಕಟ್ಟುಗಳನ್ನು ಕಡಿಯಹೊರಟಿತು ಎಂಬುದು ತಿಳಿಯದೆ ಹೋಗುತ್ತದೆ.

ಚಿಯು ಜಿನ್ 1875ರಲ್ಲಿ ಫೂಜಿಯನ್ ಪ್ರಾಂತದ ಶಿಯಾಮೆನ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದಳು. ಅಜ್ಜ ಅಲ್ಲಿ ಸರಕಾರಿ ಅಧಿಕಾರಿ. ತಂದೆಯೂ ಅದೇ ವೃತ್ತಿಯವನು. ವಂಶದ ಮೂಲ ಮಾತ್ರ ಝೆಜಿಯಾಂಗ್ ಪ್ರಾಂತದ ಷಾವೊಶಿಂಗ್. ಕಾಲುವೆಗಳಿಗೂ ಅಕ್ಕಿಯ ಮದ್ಯಕ್ಕೂ ವಿದ್ವಾಂಸರಿಗೂ ಹೆಸರಾದ ಊರು ಅದು. ಅದರ ಬಳಿ ಕನ್ನಡಿಯ ಸರೋವರವೆಂಬ ಕೆರೆಯುಂಟು. ಮುಂದೆ ಆಕೆ ಆ ಸರೋವರದ ವೀರಾಂಗನೆ ಎಂಬ ಅರ್ಥ ಬರುವ ಕಾವ್ಯನಾಮವನ್ನು ಧರಿಸಿದಳು. ಮನೆಯಲ್ಲಿ ಅಣ್ಣನ ಜೊತೆಗೆ ಆಕೆಗೂ ಓದು ದೊರೆಯಿತು. ಹಳೆಯ ಕಾವ್ಯವನ್ನು ಬಾಯಿಪಾಠ ಮಾಡಿದಳು. ಚಿಕ್ಕ ವಯಸ್ಸಿನಲ್ಲಿಯೇ ಪದ್ಯ ಕಟ್ಟತೊಡಗಿದಳು. ತಾಯಿಯ ತವರಿನಲ್ಲಿ ಕುದುರೆಯ ಸವಾರಿಯನ್ನೂ ಕತ್ತಿವರಸೆಯನ್ನೂ ಕಲಿತಳು.

ಇಷ್ಟು ಸ್ವಾತಂತ್ರ್ಯ ಕೊಟ್ಟ ಮನೆಯೇ ಆಕೆಯ ಪಾದಗಳನ್ನು ಕಟ್ಟಿತು. ಎಳೆಯ ಹುಡುಗಿಯರ ಕಾಲ್ಬೆರಳುಗಳನ್ನು ಅಂಗಾಲಿನ ಕೆಳಕ್ಕೆ ಮಡಿಸಿ, ಉದ್ದನೆಯ ಬಟ್ಟೆಯ ಪಟ್ಟಿಯಿಂದ ಬಿಗಿದು, ಪಾದ ಬೆಳೆಯದಂತೆ ಮಾಡುವ ಪದ್ಧತಿ ಚೀನದ ಮೇಲುವರ್ಗದಲ್ಲಿ ಶತಮಾನಗಳಿಂದ ನಡೆದುಬಂದಿತ್ತು. ಅದನ್ನು ಮಾಡುತ್ತಿದ್ದವರು ಕ್ರೂರಿಗಳಲ್ಲ, ಮಗಳಿಗೆ ಒಳ್ಳೆಯ ವರ ಸಿಗಲೆಂದು ಹಾರೈಸುವ ತಾಯಂದಿರು. ದೊಡ್ಡವಳಾದ ಮೇಲೆ ಚಿಯು ಜಿನ್ ಆ ಪಟ್ಟಿಗಳನ್ನು ತಾನೇ ಬಿಚ್ಚಿದಳು. ಬಿಚ್ಚಿದ ಮಾತ್ರಕ್ಕೆ ಮುರಿದ ಎಲುಬು ನೇರವಾಗುವುದಿಲ್ಲ. ಮುಂದೆ ಆಕೆ ಕುದುರೆಯೇರಿ ಷಾವೊಶಿಂಗಿನ ಬೀದಿಗಳಲ್ಲಿ ಹೋದಳೆಂದು ಓದುವಾಗ, ಆ ಪಾದಗಳನ್ನು ನಾವು ಮರೆಯಬಾರದು.

ತಂದೆಗೆ ಹೂನಾನ್ ಪ್ರಾಂತಕ್ಕೆ ವರ್ಗವಾಯಿತು. ಅಲ್ಲಿ 1896ರಲ್ಲಿ ಶ್ರೀಮಂತ ವರ್ತಕನೊಬ್ಬನ ಮಗನಾದ ವಾಂಗ್ ಟಿಂಗ್‌ಜುನ್ ಎಂಬುವನಿಗೆ ಆಕೆಯನ್ನು ಕೊಟ್ಟು ಮದುವೆ ಮಾಡಿದರು. ಆಕೆಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ. 1897ರಲ್ಲಿ ಒಬ್ಬ ಮಗ, 1901ರಲ್ಲಿ ಒಬ್ಬಳು ಮಗಳು ಹುಟ್ಟಿದರು. ಗಂಡ ದುಷ್ಟನಾಗಿದ್ದನೆಂದು ಚಿತ್ರಿಸುವುದು ಜೀವನಚರಿತ್ರಕಾರರಿಗೆ ಸುಲಭದ ದಾರಿ. ಆತನನ್ನು ಕಂಡ ಜಪಾನೀ ಮಹಿಳೆಯೊಬ್ಬಳು ಸೌಮ್ಯ ಮುಖದ ತರುಣನೆಂದು ನೆನೆದಿದ್ದಾಳೆ. ಹಣವಂತರ ಮನೆಯ, ಹೆಚ್ಚು ಆಸೆಗಳಿಲ್ಲದ, ಗೆಳೆಯರ ಕೂಟದಲ್ಲಿ ಕಾಲ ಕಳೆಯುವ ಮನುಷ್ಯ ಆತ ಎಂದು ತೋರುತ್ತದೆ. ಹೆಂಡತಿಗೆ ಬೇಕಾಗಿದ್ದುದು ಕಾವ್ಯವನ್ನೂ ದೇಶವನ್ನೂ ಕುರಿತು ಮಾತನಾಡಬಲ್ಲ ಸಂಗಾತಿ. ಆತನಿಂದ ಅದು ಆಗದು. ಆಕೆಗೆ ಅದಿಲ್ಲದೆ ಸಾಗದು. ಮುಂದೆ ಜಪಾನಿನಿಂದ ಅಣ್ಣನಿಗೆ ಬರೆದ ಪತ್ರಗಳಲ್ಲಿ ಗಂಡನ ವಿಷಯವಾಗಿ ಆಕೆ ಕಾರಿಕೊಂಡಿರುವ ಕಹಿಯನ್ನು ಓದಿದರೆ, ಆ ಎಂಟು ವರ್ಷಗಳ ಸಂಸಾರ ಎಂತಹದೆಂಬುದು ಊಹೆಗೆ ನಿಲುಕುತ್ತದೆ.

ವಾಂಗ್ ಹಣ ಕೊಟ್ಟು ರಾಜಧಾನಿಯ ಕಂದಾಯ ಇಲಾಖೆಯಲ್ಲಿ ಒಂದು ಹುದ್ದೆಯನ್ನು ಪಡೆದ. ಚಿಂಗ್ ರಾಜ್ಯದ ಕೊನೆಗಾಲದಲ್ಲಿ ಹುದ್ದೆಗಳನ್ನು ಹೀಗೆ ಕೊಳ್ಳುವುದು ಮಾಮೂಲಾಗಿತ್ತು. ಸಂಸಾರ ಬೀಜಿಂಗಿಗೆ, ಆಗಿನವರ ಬಾಯಲ್ಲಿ ಪೀಕಿಂಗಿಗೆ, ಬಂದಿತು. 1895ರಲ್ಲಿ ಚೀನ ಜಪಾನಿಗೆ ಸೋತಿತ್ತು. 1898ರ ಸುಧಾರಣೆಯ ಯತ್ನ ನೂರು ದಿನಗಳಲ್ಲಿ ಮಣ್ಣುಗೂಡಿತ್ತು. 1900ರ ಬಾಕ್ಸರ್ ದಂಗೆಯಾದ ಮೇಲೆ ಪರದೇಶದ ಸೈನ್ಯಗಳು ರಾಜಧಾನಿಯನ್ನು ಸೂರೆಮಾಡಿದ್ದವು. 1901ರ ಒಪ್ಪಂದದಂತೆ ಚೀನ ತೆರಬೇಕಾಗಿದ್ದ ದಂಡ 45 ಕೋಟಿ ತೇಲ್ ಬೆಳ್ಳಿ. ಇಂತಹ ಸರಕಾರದ ಕಂದಾಯ ಇಲಾಖೆಯಲ್ಲಿ ಗಂಡ ಕೊಂಡ ಹುದ್ದೆ ಹೆಂಡತಿಗೆ ಗೌರವದ ವಿಷಯವಾಗಿ ಕಾಣದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಬೀಜಿಂಗ್ ಆಕೆಗೆ ಕೊಟ್ಟ ದೊಡ್ಡ ವರವೆಂದರೆ ನೆರೆಮನೆಯ ವೂ ಝಿಯಿಂಗ್. ಈಕೆ ಪ್ರಸಿದ್ಧ ವಿದ್ವಾಂಸರ ಮನೆತನದವಳು. ಸುಂದರ ಲಿಪಿಲೇಖನಕ್ಕೆ ಹೆಸರಾದವಳು. ಹೊಸ ಪತ್ರಿಕೆಗಳನ್ನೂ ಹೊಸ ಪುಸ್ತಕಗಳನ್ನೂ ಮನೆಗೆ ತರಿಸುತ್ತಿದ್ದವಳು. ಇಬ್ಬರೂ 1904ರಲ್ಲಿ ಶಾಸ್ತ್ರೋಕ್ತವಾಗಿ ಅಕ್ಕತಂಗಿಯರೆಂದು ಆಣೆಯಿಟ್ಟುಕೊಂಡರು. ಈ ಓದು, ಈ ಗೆಳೆತನ ಚಿಯು ಜಿನ್ನಳ ಮನಸ್ಸಿನ ಕಿಟಕಿಗಳನ್ನು ತೆರೆದವು. ಗಂಡಸಿನ ಉಡುಪು ತೊಟ್ಟು ನಾಟಕಶಾಲೆಗೆ ಹೋದಳು, ಗಂಡನೊಡನೆ ಜಗಳವಾಯಿತು. ಜಪಾನೀ ಪ್ರಾಧ್ಯಾಪಕನೊಬ್ಬನ ಹೆಂಡತಿ ಹತ್ತೋರಿ ಶಿಗೆಕೊ ಎಂಬಾಕೆಯ ಪರಿಚಯವಾದ ಮೇಲೆ ಜಪಾನಿಗೆ ಹೋಗಿ ಓದುವ ಸಂಕಲ್ಪ ಬಲಿಯಿತು.

ಹೋಗಲು ಹಣವೆಲ್ಲಿ? ತವರಿನಿಂದ ಬಂದ ಒಡವೆಗಳನ್ನು ಮಾರಿದಳು. ಆ ಹಣದಲ್ಲಿಯೂ ಒಂದು ಭಾಗವನ್ನು, ಸೆರೆಮನೆಯಲ್ಲಿದ್ದ ವಾಂಗ್ ಝಾವೊ ಎಂಬ ಸುಧಾರಣಾವಾದಿಗೆ, ತನ್ನ ಹೆಸರನ್ನು ತಿಳಿಸದಂತೆ ಹೇಳಿ ಕಳುಹಿಸಿದಳೆಂದು ಹೇಳುತ್ತಾರೆ. 1904ರ ಬೇಸಗೆಯಲ್ಲಿ ಆಕೆ ಹಡಗು ಹತ್ತಿದಳು. ಮಗನಿಗೆ ಆಗ ಏಳು ವರ್ಷ, ಮಗಳಿಗೆ ಮೂರು.

ಇಲ್ಲಿ ಓದುಗರು ತುಸು ನಿಲ್ಲುವುದುಂಟು. ತಾಯಿ ಮಕ್ಕಳನ್ನು ಬಿಟ್ಟು ಹೋದದ್ದು ಸರಿಯೆ ಎಂದು ಕೇಳುವವರು, ಸನ್ಯಾಸಕ್ಕಾಗಿಯೋ ದೇಶಸೇವೆಗಾಗಿಯೋ ಮನೆ ಬಿಟ್ಟ ಗಂಡಸರ ಚರಿತ್ರೆಯನ್ನು ಓದುವಾಗ ಆ ಪ್ರಶ್ನೆಯನ್ನು ಅಷ್ಟು ಬೇಗ ಎತ್ತುವುದಿಲ್ಲ. ಆದರೂ ಪ್ರಶ್ನೆ ಪೊಳ್ಳಲ್ಲ. ಮಗಳು ವಾಂಗ್ ತ್ಸಾನ್‌ಝಿ ತಾಯಿಯನ್ನು ಸರಿಯಾಗಿ ಅರಿಯದೆಯೇ ಬೆಳೆದಳು. ದೊಡ್ಡವಳಾದ ಮೇಲೆ ಪುಸ್ತಕಗಳ ಮೂಲಕ ತಾಯಿಯನ್ನು ಹುಡುಕಿಕೊಳ್ಳಬೇಕಾಯಿತು.

ಟೋಕಿಯೋ ನಗರದಲ್ಲಿ ಆಗ ಸಾವಿರಾರು ಚೀನೀ ವಿದ್ಯಾರ್ಥಿಗಳಿದ್ದರು. ಚಿಯು ಜಿನ್ ಮೊದಲು ಭಾಷೆಯನ್ನು ಕಲಿತು, ಮುಂದೆ ಶಿಮೊದಾ ಉತಾಕೊ ಎಂಬಾಕೆ ನಡೆಸುತ್ತಿದ್ದ ಜಿಸ್ಸೆನ್ ಬಾಲಿಕಾ ವಿದ್ಯಾಲಯವನ್ನು ಸೇರಿದಳು. ತರಗತಿಯ ಪಾಠಕ್ಕಿಂತ ಹೊರಗಿನ ಪಾಠವೇ ಹೆಚ್ಚಾಯಿತು. ಮಂಚು ಅರಸೊತ್ತಿಗೆಯನ್ನು ಕಿತ್ತೊಗೆಯಬೇಕೆಂಬ ಗುಪ್ತಸಂಘಗಳನ್ನು ಸೇರಿದಳು. ಸನ್ ಯಾಟ್‌ಸೆನ್ನನ ನೇತೃತ್ವದಲ್ಲಿ 1905ರಲ್ಲಿ ಹುಟ್ಟಿದ ತುಂಗ್‌ಮೆಂಗ್ ಹುಯಿ ಎಂಬ ಕ್ರಾಂತಿಸಂಘದಲ್ಲಿ ಝೆಜಿಯಾಂಗ್ ಪ್ರಾಂತದ ಹೊಣೆಯನ್ನು ಹೊತ್ತಳು. ನಿಂತುಹೋಗಿದ್ದ ಮಹಿಳಾ ಸಂಘವೊಂದಕ್ಕೆ ಜೀವ ಕೊಟ್ಟಳು. ಇವೆಲ್ಲಕ್ಕಿಂತ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು, ಆಕೆ 1904ರಲ್ಲಿಯೇ ಅಲ್ಲಿಂದ ಹೊರಡಿಸಿದ ‘ಆಡುಮಾತಿನ ಪತ್ರಿಕೆ’.

ಆ ಕಾಲದ ಚೀನದಲ್ಲಿ ಬರೆಯುವ ಭಾಷೆ ಒಂದು, ಆಡುವ ಭಾಷೆ ಇನ್ನೊಂದು. ವಿದ್ವಾಂಸರು ಎರಡು ಸಾವಿರ ವರ್ಷಗಳ ಹಳೆಯ ಗ್ರಂಥಭಾಷೆಯಲ್ಲಿಯೇ ಬರೆಯುತ್ತಿದ್ದರು. ವರ್ಷಗಟ್ಟಲೆ ಓದದವರಿಗೆ ಅದು ದಕ್ಕದು. ಅದನ್ನು ಕೈಬಿಟ್ಟು ಜನದ ಮಾತಿನಲ್ಲಿ ಬರೆಯಬೇಕೆಂಬ ಸಾಹಿತ್ಯ ಚಳವಳಿ ಬಲಗೊಂಡದ್ದು 1917ರ ಅನಂತರ. ಚಿಯು ಜಿನ್ ಗ್ರಂಥಭಾಷೆಯಲ್ಲಿ ಕುಶಲೆ. ಆಕೆಯ ಕವಿತೆಗಳು ಅದರಲ್ಲಿಯೇ ಇವೆ. ಆದರೆ ಹೆಂಗಸರನ್ನು ಕುರಿತು ಮಾತನಾಡಬೇಕಾದಾಗ ಆಕೆ ಆ ಕುಶಲತೆಯನ್ನು ಬದಿಗಿಟ್ಟಳು. ಇಪ್ಪತ್ತು ಕೋಟಿ ಸೋದರಿಯರನ್ನು ಉದ್ದೇಶಿಸಿ ಆ ಪತ್ರಿಕೆಯಲ್ಲಿ ಬರೆದ ಲೇಖನ ಒಬ್ಬ ಹೆಂಗಸು ಇನ್ನೊಬ್ಬಳ ಪಕ್ಕದಲ್ಲಿ ಕುಳಿತು ಹೇಳಿದಂತಿದೆ. ಹೆಣ್ಣು ಹುಟ್ಟಿದಳೆಂದು ತಂದೆ ಮುಖ ಸಿಂಡರಿಸುವುದು, ಪಾದ ಕಟ್ಟುವುದು, ದಲ್ಲಾಳಿಯ ಮಾತು ನಂಬಿ ಕಾಣದವನಿಗೆ ಕೊಡುವುದು, ಕೊಟ್ಟ ಮನೆಯಲ್ಲಿ ಏನಾದರೂ ಪೂರ್ವಜನ್ಮದ ಫಲವೆನ್ನುವುದು, ಹೀಗೆ ಒಂದು ಹೆಣ್ಣುಜನ್ಮದ ಮಜಲುಗಳೆಲ್ಲ ಅದರಲ್ಲಿ ಸಾಲಾಗಿ ಬರುತ್ತವೆ. ದೂರುವುದಕ್ಕೇ ಲೇಖನ ಮುಗಿಯುವುದಿಲ್ಲ. ಗಂಡಸರು ಅನ್ಯಾಯ ಮಾಡಿದರು ನಿಜ, ಆದರೆ ನಾವು ಓದನ್ನೂ ದುಡಿಮೆಯನ್ನೂ ಕೈಬಿಟ್ಟು ಅವರ ಅನ್ನಕ್ಕೆ ಕಾದು ಕುಳಿತೆವಲ್ಲ ಎಂದು ತನ್ನವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಕನಿಕರಕ್ಕಿಂತ ಈ ಗದರಿಕೆಯಲ್ಲಿಯೇ ಹೆಚ್ಚಿನ ಪ್ರೀತಿಯಿದೆ ಎಂದು ನನ್ನ ಎಣಿಕೆ.

1905ರ ಕೊನೆಯಲ್ಲಿ ಜಪಾನ್ ಸರಕಾರ ಚೀನೀ ವಿದ್ಯಾರ್ಥಿಗಳ ಮೇಲೆ ಕಟ್ಟುಪಾಡುಗಳನ್ನು ವಿಧಿಸಿತು. ಪ್ರತಿಭಟಿಸಿ ಚೆನ್ ತಿಯನ್‌ಹ್ವಾ ಎಂಬ ತರುಣ ಲೇಖಕ ಡಿಸೆಂಬರ್ 8ರಂದು ಸಮುದ್ರಕ್ಕೆ ಬಿದ್ದು ಪ್ರಾಣಬಿಟ್ಟ. ಉಳಿದು ಓದಬೇಕೆ, ಬಿಟ್ಟು ಹಿಂದಿರುಗಬೇಕೆ ಎಂದು ವಿದ್ಯಾರ್ಥಿಗಳಲ್ಲಿ ಎರಡು ಪಕ್ಷವಾಯಿತು. ಚಿಯು ಜಿನ್ ಹಿಂದಿರುಗುವ ಪಕ್ಷದವಳು; ಸಭೆಯಲ್ಲಿ ಕಿರುಗತ್ತಿಯನ್ನು ಮೇಜಿಗೆ ಚುಚ್ಚಿ ಮಾತನಾಡಿದಳೆಂಬ ಕಥೆ ಹುಟ್ಟಿದ್ದು ಆಗಲೇ.

ತಾಯ್ನಾಡಿಗೆ ಬಂದ ಮೇಲೆ 1906ರಲ್ಲಿ ಕೆಲವು ಕಾಲ ನಾನ್‌ಶುನ್ ಎಂಬ ಊರಿನ ಬಾಲಿಕಾ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ಶಾಲೆಯ ಮುಖ್ಯಸ್ಥೆ ಶೂ ಝೀಹುವಾ ಎಂಬ ವಿಧವೆ, ತಾನೂ ಕವಯಿತ್ರಿ. ಆಣೆಯ ಅಕ್ಕತಂಗಿಯರ ಸಾಲಿಗೆ ಈಕೆಯೂ ಸೇರಿದಳು. ಅಲ್ಲಿಂದ ಷಾಂಘೈ. ಅಲ್ಲಿ ಸಂಗಡಿಗರೊಡನೆ ಬಾಂಬು ತಯಾರಿಸುವಾಗ ಅದು ಸಿಡಿದು ಕೈಗೆ ಗಾಯವಾಯಿತು. ಅದೇ ಕೈಯಿಂದ 1907ರ ಜನವರಿಯಲ್ಲಿ ‘ಚೀನದ ಮಹಿಳಾ ಪತ್ರಿಕೆ’ಯನ್ನು ಹೊರಡಿಸಿದಳು. ಷೇರು ಕೂಡಿಸಿ ನಡೆಸಬೇಕೆಂದಿದ್ದಳು. ಬೇಕಾದಷ್ಟು ಹಣ ಕೂಡಲಿಲ್ಲ. ಶೂ ಝೀಹುವಾಳೂ ಆಕೆಯ ತಂಗಿಯೂ ಕೊಟ್ಟ ಹಣದಿಂದ ಎರಡು ಸಂಚಿಕೆಗಳು ಹೊರಬಂದವು. ಓದಲು ಬಾರದವರೂ ಕೇಳಿ ಅರ್ಥಮಾಡಿಕೊಳ್ಳುವಂತಹ ಭಾಷೆಯೇ ಇಲ್ಲಿಯೂ ಆಕೆಯ ಗುರಿ. ಮೈಮೇಲಿನ ರೇಷ್ಮೆಯನ್ನೂ ಒಡವೆಯನ್ನೂ ಕಟ್ಟಿಹಾಕುವ ಹಗ್ಗ ಸಂಕೋಲೆಗಳೆಂದು ಆಕೆ ಅಲ್ಲಿ ವರ್ಣಿಸುತ್ತಾಳೆ. ಬೇರೆಯವರು ಬರೆದಿದ್ದರೆ ಅದು ಬರಿಯ ಅಲಂಕಾರವಾಗುತ್ತಿತ್ತು. ತನ್ನ ಒಡವೆಗಳನ್ನು ಮಾರಿ ಹಡಗಿನ ಟಿಕೀಟು ಕೊಂಡವಳು ಬರೆದಾಗ ಅದು ವಸ್ತುಸ್ಥಿತಿಯೇ.

ಈ ಕಾಲದಲ್ಲಿಯೇ ‘ಜಿಂಗ್‌ವೇ ಹಕ್ಕಿಯ ಕಲ್ಲುಗಳು’ ಎಂಬ ದೀರ್ಘಕಥನವನ್ನು ಆಕೆ ಬರೆಯುತ್ತಿದ್ದಳು. ಜಿಂಗ್‌ವೇ ಚೀನದ ಪುರಾತನ ಕಥೆಯ ಹಕ್ಕಿ. ರಾಜಕುಮಾರಿಯೊಬ್ಬಳು ಪೂರ್ವಸಮುದ್ರದಲ್ಲಿ ಮುಳುಗಿ ಸತ್ತು ಹಕ್ಕಿಯಾಗಿ ಹುಟ್ಟಿ, ತನ್ನನ್ನು ನುಂಗಿದ ಕಡಲನ್ನು ತುಂಬಿಬಿಡುವೆನೆಂದು ದೂರದ ಬೆಟ್ಟದಿಂದ ಕಡ್ಡಿ ಕಲ್ಲುಗಳನ್ನು ಕೊಕ್ಕಿನಲ್ಲಿ ತಂದು ಹಾಕುತ್ತಲೇ ಇರುತ್ತಾಳೆ. ಚಿಯು ಜಿನ್ ಇದಕ್ಕೆ ಆರಿಸಿಕೊಂಡದ್ದು ತಾನ್‌ತ್ಸಿ ಎಂಬ ಪ್ರಕಾರವನ್ನು. ತಂತಿವಾದ್ಯದ ಹಿಮ್ಮೇಳದಲ್ಲಿ ಹಾಡು ಮಾತುಗಳನ್ನು ಬೆರೆಸಿ ಕಥೆ ಹೇಳುವ ಕ್ರಮ ಅದು; ನಮ್ಮ ಹರಿಕಥೆಯನ್ನು ನೆನೆದರೆ ಅದರ ರೀತಿ ಸ್ವಲ್ಪ ಮನಸ್ಸಿಗೆ ಬರುತ್ತದೆ. ತಲೆಮಾರುಗಳಿಂದ ದಕ್ಷಿಣ ಚೀನದ ಅಂತಃಪುರಗಳಲ್ಲಿ ಹೆಂಗಸರು ಪ್ರೀತಿಯಿಂದ ಕೇಳುತ್ತಿದ್ದ, ಓದುತ್ತಿದ್ದ, ತಾವೂ ಬರೆಯುತ್ತಿದ್ದ ಪ್ರಕಾರ. ಪಂಡಿತರು ಇದನ್ನು ಸಾಹಿತ್ಯವೆಂದು ಎಣಿಸುತ್ತಿರಲಿಲ್ಲ. ಹೊಸ ವಿಚಾರವನ್ನು ಹೆಂಗಸರ ಮನೆಯೊಳಕ್ಕೆ ಒಯ್ಯಲು ಅವರಿಗೆ ಆಗಲೇ ಪರಿಚಿತವಾದ ಬಾಗಿಲಿನಿಂದಲೇ ಹೋಗಬೇಕೆಂದು ಕಂಡುಕೊಂಡದ್ದು ಆಕೆಯ ಪ್ರತಿಭೆ.

ಕಥೆಯ ನಾಯಕಿ ಓದಿನಲ್ಲಿ ಆಸಕ್ತಿಯುಳ್ಳ ಕುಲೀನ ಹುಡುಗಿ. ಹಣವಂತನ ಮೂರ್ಖ ಮಗನಿಗೆ ಅವಳನ್ನು ಕೊಡುವ ಮಾತು ನಡೆಯುತ್ತದೆ. ಆಕೆಯೂ ಗೆಳತಿಯರೂ ಒಡವೆಗಳನ್ನು ಹಣಮಾಡಿಕೊಂಡು ಜಪಾನಿಗೆ ಹೊರಡುತ್ತಾರೆ. ಆತ್ಮಕಥೆಯ ಎಳೆ ಎಲ್ಲಿದೆಯೆಂದು ಹೇಳಬೇಕಾದುದಿಲ್ಲ. ಇಪ್ಪತ್ತು ಅಧ್ಯಾಯಗಳ ಯೋಜನೆ. ಅಷ್ಟಕ್ಕೂ ತಲೆಬರಹಗಳನ್ನು ಆಕೆ ಹಾಕಿಟ್ಟಿದ್ದಳು. ಅವುಗಳ ಪ್ರಕಾರ ಕೊನೆಯಲ್ಲಿ ಕ್ರಾಂತಿ ಗೆಲ್ಲುತ್ತದೆ, ಗಣರಾಜ್ಯ ಸ್ಥಾಪನೆಯಾಗುತ್ತದೆ. ಬರೆದದ್ದರಲ್ಲಿ ಉಳಿದಿರುವುದು ಆರನೆಯ ಅಧ್ಯಾಯದ ನಡುವಿನವರೆಗೆ.

ಬರವಣಿಗೆ ಅಲ್ಲಿಗೆ ನಿಂತದ್ದಕ್ಕೆ ಕಾರಣ ಷಾವೊಶಿಂಗಿನ ದಾತುಂಗ್ ಶಾಲೆ. ಶೂ ಶಿಲಿನ್ ಎಂಬ ಕ್ರಾಂತಿಕಾರನೂ ಅವನ ಸಂಗಡಿಗರೂ 1905ರಲ್ಲಿ ಸ್ಥಾಪಿಸಿದ ಈ ಶಾಲೆಯಲ್ಲಿ ಮೇಲುನೋಟಕ್ಕೆ ವ್ಯಾಯಾಮ ಶಿಕ್ಷಣ. ಒಳಗೆ ದಂಗೆಯ ಸಿದ್ಧತೆ. 1907ರ ಆರಂಭದಲ್ಲಿ ಅದರ ಆಡಳಿತ ಚಿಯು ಜಿನ್ನಳ ಕೈಗೆ ಬಂದಿತು. ಗಂಡಸಿನ ಉಡುಪಿನಲ್ಲಿ ಕುದುರೆಯೇರಿ ಹುಡುಗರಿಗೆ ಕವಾಯತು ಮಾಡಿಸಿದಳು. ಹಳ್ಳಿಹಳ್ಳಿಯ ಗುಪ್ತಸಂಘಗಳನ್ನು ಒಂದು ಸೈನ್ಯವಾಗಿ ಹೆಣೆಯಲು ಊರೂರು ಸುತ್ತಿದಳು. ಆಯುಧಗಳಿಗೆ ಹಣ ಬೇಕಾದಾಗ ಶೂ ಝೀಹುವಾ ತನ್ನ ಚಿನ್ನದ ಒಡವೆಗಳನ್ನು ಬಿಚ್ಚಿಕೊಟ್ಟಳು. ಚಿಯು ಜಿನ್ ತನ್ನ ಹಸಿರು ಬಳೆಗಳನ್ನು ನೆನಪಿಗೆಂದು ಆಕೆಗೆ ಕೊಟ್ಟಳು. ಸತ್ತರೆ ತನ್ನನ್ನು ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ದಡದಲ್ಲಿ ಹೂಳಬೇಕೆಂದು ಕೇಳಿಕೊಂಡಳು. ಪರರ ಆಕ್ರಮಣವನ್ನು ಎದುರಿಸಿ ಸ್ವಜನರ ದ್ರೋಹದಿಂದ ಸತ್ತ ಹನ್ನೆರಡನೆಯ ಶತಮಾನದ ಸೇನಾನಿ ಯುವೆ ಫೇ ಮಲಗಿರುವುದು ಅಲ್ಲಿಯೇ.

ದಂಗೆಯ ವ್ಯವಸ್ಥೆ ಸಡಿಲವಾಗಿತ್ತು. ಗುಟ್ಟು ಅಲ್ಲಲ್ಲಿ ಸೋರಿತು. ನೆರೆಯ ಆನ್‌ಹ್ವೇ ಪ್ರಾಂತದ ಆನ್‌ಚಿಂಗ್ ನಗರದಲ್ಲಿ ಪೋಲೀಸು ಶಾಲೆಯ ಅಧಿಕಾರಿಯಾಗಿ ಸೇರಿಕೊಂಡಿದ್ದ ಶೂ ಶಿಲಿನ್ ಇನ್ನು ತಡೆದರೆ ಕೆಟ್ಟಿತೆಂದು ಜುಲೈ 6ರಂದು ಪ್ರಾಂತಾಧಿಪತಿ ಎನ್‌ಮಿಂಗನಿಗೆ ಗುಂಡು ಹೊಡೆದ. ತಾನೂ ಸಿಕ್ಕಿ ಹತನಾದ. ಸುದ್ದಿ ಷಾವೊಶಿಂಗಿಗೆ ಬಂದಾಗ ಓಡಿಹೋಗಲು ಚಿಯು ಜಿನ್ನಳಿಗೆ ಸಮಯವಿತ್ತು. ವಿದ್ಯಾರ್ಥಿಗಳನ್ನು ಕಳುಹಿಸಿ ತಾನು ಉಳಿದಳು. ಏಕೆ ಉಳಿದಳೆಂಬುದನ್ನು ಕುರಿತು ಬಹಳ ಬರೆದಿದ್ದಾರೆ. ರಕ್ತ ಸುರಿಯದೆ ಕ್ರಾಂತಿಯಿಲ್ಲ, ಹೆಂಗಸರಲ್ಲಿ ಇನ್ನೂ ಯಾರೂ ರಕ್ತ ಕೊಟ್ಟಿಲ್ಲ ಎಂಬ ಭಾವನೆ ಆಕೆಯಲ್ಲಿ ಬೇರೂರಿತ್ತು. ಆ ನಿರ್ಧಾರಕ್ಕೆ ತಲೆಬಾಗಬಹುದು. ಆದರೆ ಬದುಕಿದ್ದರೆ ಇನ್ನೂ ಹದಿನಾಲ್ಕು ಅಧ್ಯಾಯಗಳು ಬರುತ್ತಿದ್ದವೆಂಬ ನೋವು ಸಾಹಿತ್ಯದ ಓದುಗನನ್ನು ಬಿಡದು.

ಜುಲೈ 13ರಂದು ಸೈನಿಕರು ಶಾಲೆಯನ್ನು ಮುತ್ತಿ ಆಕೆಯನ್ನು ಹಿಡಿದರು. ವಿಚಾರಣೆಯಲ್ಲಿ ಆಕೆ ತಪ್ಪೊಪ್ಪಿಗೆ ಕೊಡಲಿಲ್ಲ. ಬರೆಯೆಂದು ಕಾಗದವನ್ನು ಮುಂದಿಟ್ಟಾಗ ಏಳು ಅಕ್ಷರಗಳ ಒಂದೇ ಸಾಲನ್ನು ಬರೆದಳೆಂದು ಪ್ರತೀತಿ. ಅದು ಆಕೆಯದೇ ಸಾಲಲ್ಲ, ಹಿಂದಿನ ಕವಿಯೊಬ್ಬನದು. ಅದರಲ್ಲಿ ಎರಡು ಬಾರಿ ಬರುವ ಶರತ್ಕಾಲದ ಅಕ್ಷರ ಆಕೆಯ ವಂಶದ ಹೆಸರೂ ಹೌದಾದ್ದರಿಂದ ಅದು ಆಕೆಯದೇ ಆಗಿಬಿಟ್ಟಿತು. ಎರಡು ದಿನಗಳೊಳಗೆ ವಧೆಯಾಯಿತು. ಆಗ ಆಕೆಯ ವಯಸ್ಸು ಮೂವತ್ತೊಂದು.

ತಪ್ಪೊಪ್ಪಿಗೆಯಿಲ್ಲದೆ, ಬರಹಗಳನ್ನೇ ಸಾಕ್ಷ್ಯವೆಂದು ತೋರಿಸಿ ಹೆಂಗಸೊಬ್ಬಳ ತಲೆ ಕಡಿದದ್ದನ್ನು ಷಾಂಘೈ ಪತ್ರಿಕೆಗಳು ಉಗ್ರವಾಗಿ ಖಂಡಿಸಿದವು. ಪ್ರಾಂತಾಧಿಪತಿ ಝಾಂಗ್ ಝೆಂಗ್‌ಯಾಂಗನನ್ನು ಜಿಯಾಂಗ್ಸು ಪ್ರಾಂತಕ್ಕೆ ವರ್ಗಮಾಡಿದಾಗ ಅಲ್ಲಿಯ ಜನ ಆತ ನಮಗೆ ಬೇಡವೆಂದರು. ಶಿಕ್ಷೆಯನ್ನು ನಡೆಸಬೇಕಾಗಿ ಬಂದ ಸ್ಥಳೀಯ ನ್ಯಾಯಾಧಿಕಾರಿ ಲೀ ಝೊಂಗ್‌ಯುವೆ ಆಕೆಯ ವಿಷಯದಲ್ಲಿ ಮರುಕವುಳ್ಳವನಾಗಿದ್ದ. ಕೆಲಸವನ್ನು ಕಳೆದುಕೊಂಡು, ಕೆಲವು ತಿಂಗಳಲ್ಲಿ ನೇಣು ಹಾಕಿಕೊಂಡ. ಆಕೆಯ ಕವಿತೆಗಳ ಸಂಗ್ರಹ ಅದೇ ವರ್ಷ ಅಚ್ಚಾಯಿತು.

ಇನ್ನು ಗೆಳತಿಯರ ಕಥೆ. ರಾಜದ್ರೋಹಿಯ ಶವವನ್ನು ಮುಟ್ಟಲು ನಂಟರೇ ಹೆದರುವ ಕಾಲ. 1908ರ ಆರಂಭದಲ್ಲಿ ವೂ ಝಿಯಿಂಗಳೂ ಶೂ ಝೀಹುವಾಳೂ ಪಶ್ಚಿಮ ಸರೋವರದ ದಡದಲ್ಲಿ ಆಕೆಯ ಸಮಾಧಿಯನ್ನು ಕಟ್ಟಿಸಿದರು. ಸಮಾಧಿಯ ಶಾಸನವನ್ನು ರಚಿಸಿದವಳು ಝೀಹುವಾ. ಅದನ್ನು ತನ್ನ ಸುಂದರ ಕೈಬರಹದಲ್ಲಿ ಕಲ್ಲಿಗೆ ಬರೆದುಕೊಟ್ಟವಳು ಝಿಯಿಂಗ್. ಅದೇ ವರ್ಷದ ಕೊನೆಗೆ ರಾಜಧಾನಿಯಿಂದ ಆಜ್ಞೆ ಬಂದು ಸಮಾಧಿಯನ್ನು ಕೆಡವಿದರು. ಶವಪೆಟ್ಟಿಗೆ ಷಾವೊಶಿಂಗಿಗೆ ಹೋಯಿತು. 1909ರಲ್ಲಿ ಗಂಡನೂ ತೀರಿಕೊಂಡಿದ್ದ, ಹೂನಾನಿನಲ್ಲಿ ಅವನ ಮನೆತನದ ನೆಲವನ್ನು ಸೇರಿತು. ಐದು ವರ್ಷಗಳ ಹಿಂದೆ ಆಕೆ ಬಿಟ್ಟು ಹೊರಟಿದ್ದ ಮನೆ ಸತ್ತಮೇಲೆ ಆಕೆಯನ್ನು ಕರೆದುಕೊಂಡಿತು. 1911ರಲ್ಲಿ ಕ್ರಾಂತಿಯಾಗಿ ಮಂಚು ಅರಸೊತ್ತಿಗೆ ಉರುಳಿದ ಮೇಲೆ ಝೀಹುವಾ ಮುಂತಾದವರ ಯತ್ನದಿಂದ ಅಸ್ಥಿ ಮತ್ತೆ ಪಶ್ಚಿಮ ಸರೋವರಕ್ಕೆ ಬಂದಿತು. ಷಾವೊಶಿಂಗಿನಲ್ಲಿ ವಧೆ ನಡೆದ ಕೂಡುದಾರಿಯಲ್ಲಿಯೇ 1930ರಲ್ಲಿ ಸ್ಮಾರಕಸ್ತಂಭ ಎದ್ದಿತು. ಅಲ್ಲಿಗೂ ಅಲೆದಾಟ ಮುಗಿಯಲಿಲ್ಲ. 1964ರಲ್ಲಿ ಸರೋವರದ ದಡದ ಸಮಾಧಿಗಳನ್ನು ತೆರವುಮಾಡಿಸಿದಾಗ ಅದನ್ನು ಬೆಟ್ಟದ ಕಡೆಗೆ ಸಾಗಿಸಿದರು. 1981ರಲ್ಲಿ ಮರಳಿ ತಂದು, ಮೇಲೆ ಬಿಳಿಯ ಕಲ್ಲಿನ ಪ್ರತಿಮೆಯನ್ನು ನಿಲ್ಲಿಸಿದರು. ಪ್ರತಿಮೆಯ ಕೈಯಲ್ಲಿರುವುದು ಕತ್ತಿಯೇ.

ತಾಯಿಯನ್ನು ಪುಸ್ತಕಗಳಲ್ಲಿ ಹುಡುಕಿದ ಮಗಳು ವಾಂಗ್ ತ್ಸಾನ್‌ಝಿ ಅಮೆರಿಕಕ್ಕೆ ಹೋಗಿ ವಿಮಾನವಿದ್ಯೆಯನ್ನು ಕಲಿತಳು. ತಾಯಿಯ ಬರಹಗಳನ್ನು ಕೂಡಿಸಿ ಅಚ್ಚುಹಾಕಿಸಿದವರಲ್ಲಿ ಆಕೆಯೂ ಒಬ್ಬಳು.